ಮೂರನೇ ತರಗತಿಯವರು ಕಟ್ಟಿದ ನೆರಳು ಗಡಿಯಾರ

ಶಾಲೆಯ ಗೇಟು ದಾಟಿ ಒಳಗೆ ಬಂದರೆ ಎಡಗಡೆ ಮಕ್ಕಳ ಸೊಂಟದೆತ್ತರದ ಒಂದು ಕಟ್ಟೆ ಇದೆ. ಮೇಲೆ ಬೂದು ಬಣ್ಣದ ಕಲ್ಲು, ಕಲ್ಲಿನ ನಡುವೆ ನಿಂತ ಒಂದು ಲೋಹದ ಪಟ್ಟಿ. "ಇದೇನು ಮಿಸ್, ತುಳಸಿಕಟ್ಟೆನಾ?" ಅಂತ ಕೇಳಿದ ಪೋಷಕರು ಬಹಳ ಜನ. ಅಲ್ಲ, ಅದು ಗಡಿಯಾರ. ಸೆಲ್ ಬೇಡ, ಕರೆಂಟ್ ಬೇಡ, ಬಿಸಿಲು ಬೇಕು ಅಷ್ಟೇ. ಫೆಬ್ರವರಿಯಿಂದ ಏಪ್ರಿಲ್ 10ರವರೆಗೆ ನಿಮ್ಮ ಮಕ್ಕಳು ಏನು ಕಲಿತರು, ಎಲ್ಲೆಲ್ಲಿ ಸುತ್ತಿದರು ಅನ್ನೋದರ ಹೆಚ್ಚಿನ ಪಾಲು ಈ ಕಟ್ಟೆಯ ಸುತ್ತಲೇ ಇದೆ. ಹಾಗಾಗಿ ಅದನ್ನು ಕಟ್ಟಿದ ಕಥೆಯನ್ನೇ ಬರೆದಿದ್ದೇನೆ. ಮನೆಯ ತಾರಸಿ ಮೇಲೆ ಒಂದು ಮಾಡಿಕೊಳ್ಳಬೇಕು ಅನ್ನಿಸಿದರೆ ಅಳತೆಗಳೂ ಇಲ್ಲೇ ಸಿಗುತ್ತವೆ.

ನಮ್ಮದು ಶ್ರೀರಂಗಪಟ್ಟಣದ ಹತ್ತಿರದ ಸರ್ಕಾರಿ ಶಾಲೆ. ನಲಿ-ಕಲಿ ಕೊಠಡಿಯಲ್ಲಿ 1, 2, 3 ಮೂರೂ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಈ ಕೆಲಸ ಮಾತ್ರ ಮೂರನೆಯವರದ್ದು. ಚಿಕ್ಕವರು ನೀರು ಹಾಕೋಕೆ, ಗಲಾಟೆ ಮಾಡೋಕೆ ಬಂದರು. ಮೂರನೆಯವರು ಆಗ ಗಡಿಯಾರ ನೋಡುವುದನ್ನು ಕಲಿಯುತ್ತಿದ್ದರು: ಕಾಲು, ಅರ್ಧ, ಮುಕ್ಕಾಲು. ಉದ್ದ ಅಳೆಯುವ ಪಾಠವೂ ಅದೇ ಹೊತ್ತಿಗೆ ಬಂತು. ಎರಡನ್ನೂ ಸೇರಿಸಿ ಅಂಗಳಕ್ಕೆ ಇಳಿದೆವು.

ಮೊದಲು ದಿಕ್ಕು

ನೆರಳು ಗಡಿಯಾರಕ್ಕೆ ಉತ್ತರ ದಿಕ್ಕು ಸರಿಯಾಗಿ ಸಿಗಬೇಕು. ಸುಮಾರಾಗಿ ಗೊತ್ತಿದ್ದರೆ ಸಾಲದು. ಮೊಬೈಲಿನ ದಿಕ್ಸೂಚಿ ತೆರೆದರೆ ಎರಡು ಫೋನು ಎರಡು ಉತ್ತರ ತೋರಿಸಿದವು. ಕಬ್ಬಿಣದ ಗೇಟಿನ ಹತ್ತಿರ ಹೋದರೆ ಮೂರನೆಯದೂ ಸಿಕ್ಕಿತು. ಫೋನನ್ನು ಬ್ಯಾಗಿಗೆ ಹಾಕಿ ಹಳೇ ದಾರಿ ಹಿಡಿದೆವು. ಯಜ್ಞವೇದಿ ಕಟ್ಟುವವರಿಗಾಗಿ ಬರೆದ ಶುಲ್ಬಸೂತ್ರಗಳಲ್ಲಿ ಇದೇ ವಿಧಾನ ಇದೆ.

ಬೇಕಾದದ್ದು ಒಂದು ಕೋಲು, ಒಂದು ದಾರ, ಒಂದು ಸೀಮೆಸುಣ್ಣ. ಒಂದು ಮೀಟರಿನ ಪಿವಿಸಿ ಪೈಪನ್ನು ಮಟ್ಟವಾದ ಸಿಮೆಂಟ್ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದೆವು. ನೆಟ್ಟಗಿದೆಯಾ ಅಂತ ನೋಡೋಕೆ ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟೆವು. ಪೈಪಿನ ಸುತ್ತ 90 ಸೆಂಟಿಮೀಟರ್ ದಾರದಲ್ಲಿ ಒಂದು ವೃತ್ತ. ಬೆಳಿಗ್ಗೆ ಉದ್ದಕ್ಕೆ ಬಿದ್ದಿದ್ದ ನೆರಳು ಗಿಡ್ಡವಾಗುತ್ತಾ ಬಂದು, ಅದರ ತುದಿ ವೃತ್ತದ ಗೆರೆ ಮುಟ್ಟಿದ ಜಾಗಕ್ಕೆ ಒಂದು ಗುರುತು. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ಇನ್ನೊಂದು ಕಡೆ ಗೆರೆ ಮುಟ್ಟಿದಾಗ ಇನ್ನೊಂದು ಗುರುತು. ಎರಡನ್ನೂ ಸೇರಿಸಿ ಎಳೆದ ಗೆರೆ ಪೂರ್ವ-ಪಶ್ಚಿಮ. ಅದಕ್ಕೆ ಮೂಲೆಮಟ್ಟ ಇಟ್ಟರೆ ಉತ್ತರ-ದಕ್ಷಿಣ.

ಫೆಬ್ರವರಿ ಮಧ್ಯದಲ್ಲಿ ನಮಗೆ ಸಿಕ್ಕ ಹೊತ್ತು: ಬೆಳಿಗ್ಗೆ 10:26, ಮಧ್ಯಾಹ್ನ 2:48. ಹಾಗಾದರೆ ನೆರಳು ಎಲ್ಲಕ್ಕಿಂತ ಗಿಡ್ಡ ಆದದ್ದು ಯಾವಾಗ? ಎರಡರ ನಡುವೆ. ಮೂರನೇ ತರಗತಿಯವರಿಗೆ ಇದು ದೊಡ್ಡ ಲೆಕ್ಕ. ಆದರೆ ಒಬ್ಬಳು ಬೆರಳು ಮಡಚಿಕೊಂಡು ದಾರಿ ಹುಡುಕಿದಳು. ಎರಡೂ ಕಡೆಯಿಂದ ಒಂದೊಂದು ಗಂಟೆ ಒಳಕ್ಕೆ ಬಂದಳು: 11:26, 1:48. ಇನ್ನೊಂದು ಗಂಟೆ: 12:26, 12:48. ಉಳಿದದ್ದು 22 ನಿಮಿಷ, ಅದರ ಅರ್ಧ 11. "ಹನ್ನೆರಡು ಮೂವತ್ತೇಳು ಮಿಸ್!" ಅಂದಳು.

ಸೂರ್ಯ ನೆತ್ತಿಯ ಗೆರೆಗೆ ಬರುವುದು ಹನ್ನೆರಡಕ್ಕೆ ಅಲ್ಲ, 12:37ಕ್ಕೆ. ತರಗತಿಯಲ್ಲಿ ಎಲ್ಲರೂ ಗೋಡೆ ಗಡಿಯಾರದ ಮೇಲೆ ಅನುಮಾನಪಟ್ಟರು. ಅದರ ಉತ್ತರ ಕೊನೆಗೆ ಬರುತ್ತದೆ.

ಜಾಗ

ಬಾವುಟದ ಕಂಬದ ಹಿಂದೆ ಒಳ್ಳೇ ಬಯಲಿತ್ತು. ದಿನವಿಡೀ ಬಿಸಿಲು. ಅಲ್ಲೇ ಸುಣ್ಣದಲ್ಲಿ ಗುರುತು ಹಾಕುತ್ತಿದ್ದಾಗ ಅಡುಗೆ ಅಮ್ಮ ಸೌಟು ಹಿಡಿದುಕೊಂಡೇ ಬಂದರು. "ಅಲ್ಲಿ ಬ್ಯಾಡ ಮಿಸ್. ಈಗ ಎಲೆ ಉದುರೈತೆ ಅಂತ ಬಿಸ್ಲು. ಯುಗಾದಿ ಹೊತ್ಗೆ ಹೊಂಗೆ ಚಿಗುರ್ತದೆ, ಆಮೇಲೆ ಬರೀ ನೆಳ್ಳೇ" ಅಂದರು. ಸರಿಯಾದ ಮಾತು. ಮಾರ್ಚ್‌ನಲ್ಲಿ ಆ ಮರ ಹೇಗೆ ತುಂಬಿಕೊಂಡಿತು ಅಂದರೆ ಈಗ ಅದರ ಕೆಳಗೆ ಊಟಕ್ಕೆ ಕೂರುತ್ತೇವೆ. ಕಟ್ಟೆ ಗೇಟಿನ ಪಕ್ಕಕ್ಕೆ ಬಂತು.

ಪುಸ್ತಕದ ಚಿತ್ರ ಇಲ್ಲಿಗೆ ಹೊಂದಲ್ಲ

ನೆರಳು ಗಡಿಯಾರ ಅಂದರೆ ನಮಗೆಲ್ಲ ನೆನಪಾಗೋದು ಒಂದೇ ಚಿತ್ರ: ಮಟ್ಟಸವಾದ ತಟ್ಟೆ, ನಡುವೆ ತ್ರಿಕೋನ, ಸುತ್ತ ಬೀಸಣಿಗೆಯಂತೆ ಗಂಟೆಯ ಗೆರೆಗಳು. ಆ ತ್ರಿಕೋನದ ಏರು ನಾವಿರುವ ಊರಿನ ಅಕ್ಷಾಂಶಕ್ಕೆ ಸಮ ಇರಬೇಕು. ಲಂಡನ್ನಿನಲ್ಲಿ ಅದು ಐವತ್ತೊಂದೂವರೆ ಡಿಗ್ರಿ. ಶ್ರೀರಂಗಪಟ್ಟಣದಲ್ಲಿ 12.4 ಮಾತ್ರ. ಅಷ್ಟು ಚಪ್ಪಟೆ ತ್ರಿಕೋನ ಇಟ್ಟರೆ ಮಧ್ಯಾಹ್ನದ ಗೆರೆಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಲಂಡನ್ನಿನಲ್ಲಿ 12ರ ಗೆರೆಗೂ 1ರ ಗೆರೆಗೂ ಸುಮಾರು 12 ಡಿಗ್ರಿ ಅಂತರ ಇದ್ದರೆ ನಮ್ಮಲ್ಲಿ ಬರೀ 3.3 ಡಿಗ್ರಿ. ರಟ್ಟಿನಲ್ಲಿ ಒಂದು ಮಾಡಿ ಮಕ್ಕಳಿಗೆ ತೋರಿಸಿದೆ. 15 ಸೆಂಟಿಮೀಟರ್ ದೂರದಲ್ಲಿ ಒಂದು ಗಂಟೆಗೆ ಸಿಕ್ಕ ಜಾಗ ಒಂದು ಸೆಂಟಿಮೀಟರಿಗಿಂತ ಕಮ್ಮಿ. ಕಾಲು, ಅರ್ಧ, ಮುಕ್ಕಾಲು ಬರೆಯೋದು ಎಲ್ಲಿ?

ನಮ್ಮ ಕಡೆಗೆ ಹೇಳಿಮಾಡಿಸಿದ್ದು ಬೇರೆ ಬಗೆ. ಕಲ್ಲನ್ನೇ 12.4 ಡಿಗ್ರಿ ವಾಲಿಸಿ, ಉತ್ತರದ ಅಂಚು ಮೇಲೆ ಬರುವಂತೆ ಕೂರಿಸುವುದು. ಆಗ ಕಲ್ಲಿನ ಮೈ ಭೂಮಿ ತಿರುಗುವ ಅಕ್ಷಕ್ಕೆ ಸಮಾನಾಂತರ ಆಗುತ್ತದೆ. ಅದರ ನಡುವೆ ಉತ್ತರ-ದಕ್ಷಿಣವಾಗಿ ಒಂದು ಪಟ್ಟಿ ನಿಲ್ಲಿಸಿದರೆ ಗಂಟೆಯ ಗೆರೆಗಳೆಲ್ಲ ಪಕ್ಕಪಕ್ಕದ ನೇರ ಗೆರೆಗಳು. ಕೋನಮಾಪಕ ಬೇಡ, ಸ್ಕೇಲು ಸಾಕು. ಎಂಟು ವರ್ಷದ ಮಕ್ಕಳ ಕೈಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಗಡಿಯಾರ ನನಗೆ ಗೊತ್ತಿಲ್ಲ. ಲಂಡನ್ನಿನವರು ಇದನ್ನೇ ಮಾಡಬೇಕಾದರೆ ಕಲ್ಲನ್ನು ಹೆಚ್ಚುಕಮ್ಮಿ ಗೋಡೆಗೆ ಒರಗಿಸಿಟ್ಟಂತೆ ನಿಲ್ಲಿಸಬೇಕು, ನಮಗೆ ಸುಮ್ನೆ ಒಂದಿಷ್ಟು ಎತ್ತಿದರೆ ಆಯಿತು.

ಕಲ್ಲಿನ ಅಂಗಡಿಗೆ ಮೊದಲ ಸವಾರಿ

ಬ್ಯಾಗ್ ಇಲ್ಲದ ಶನಿವಾರ ಸಾಲಾಗಿ ನಡೆದುಕೊಂಡು ಕಲ್ಲಿನ ಅಂಗಡಿಗೆ ಹೋದೆವು. ಮಕ್ಕಳಿಗೆ ಇಷ್ಟ ಆಗಿದ್ದು ಕಪ್ಪು ಕಡಪ ಕಲ್ಲು. ಅಡುಗೆಮನೆ ಕಟ್ಟೆಗೆ ಹಾಕುತ್ತಾರಲ್ಲ, ಅದು. ಮಿಂಚುತ್ತದೆ, ನೋಡೋಕೆ ಚಂದ. ಅಂಗಡಿಯವರು ಅದರ ಪಕ್ಕದಲ್ಲೇ ಒಂದು ಬೂದು ಶಹಾಬಾದ್ ಕಲ್ಲನ್ನೂ ಬಿಸಿಲಿಗೆ ಹಾಸಿ, "ಕೈ ಹಿಡೀರಿ" ಅಂದರು. ಕಡಪದ ಮೇಲೆ ಹಿಡಿದರೆ ಕಪ್ಪಿನಲ್ಲಿ ಕಪ್ಪು, ಬೆರಳಿನ ನೆರಳು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗಲ್ಲ, ಜೊತೆಗೆ ಕಣ್ಣಿಗೆ ಹೊಡೆಯುವ ಹೊಳಪು. ಶಹಾಬಾದಿನ ಮೇಲೆ ಐದೂ ಬೆರಳು ಕತ್ತರಿಸಿಟ್ಟ ಹಾಗೆ ಬಿದ್ದವು. ಒಬ್ಬನ ಉಗುರಿನ ತುದಿ ಕೂಡ ಕಂಡಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಬರುವ ಸುಣ್ಣಕಲ್ಲು ಅದು. ಅಂಗಡಿಗೆ ಬಂದು ನಿಲ್ಲುವವರೆಗೆ ಎಷ್ಟು ಊರು ದಾಟಿತು ಅಂತ ಆಮೇಲೆ ನಕ್ಷೆಯಲ್ಲಿ ಬೆರಳಿಟ್ಟು ನೋಡಿದೆವು. ಎರಡಡಿ ಉದ್ದ, ಒಂದಡಿ ಅಗಲಕ್ಕೆ ಕೊಯ್ದುಕೊಟ್ಟರು. ನಡುವೆ ಪಟ್ಟಿ ಕೂರಿಸೋಕೆ ಒಂದು ಗಾಡಿಯೂ, ಅಂದರೆ ಕಲ್ಲಿನಲ್ಲಿ ಕೊರೆದ ಸಣ್ಣ ಸೀಳೂ ಬೇಕಿತ್ತು. ಅದನ್ನು ಆರು ಮಿಲಿಮೀಟರಿಗಿಂತ ಆಳ ಮಾಡಲ್ಲ ಅಂತ ಅವರು ಹಟ ಹಿಡಿದರು. ಜಾಸ್ತಿ ಕೊಯ್ದರೆ ಕಲ್ಲು ಅಲ್ಲೇ ಎರಡು ಹೋಳು. ಚೂರು ಕಲ್ಲು ಅಂತ ಹೇಳಿ ದುಡ್ಡೂ ತೆಗೆದುಕೊಳ್ಳಲಿಲ್ಲ.

ಪಟ್ಟಿ ಅಲ್ಯೂಮಿನಿಯಂನದು, ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ತುಂಡು. 3 ಮಿಲಿಮೀಟರ್ ದಪ್ಪ, 20 ಸೆಂಟಿಮೀಟರ್ ಉದ್ದ, ಗಾಡಿಯೊಳಗೆ ಹೋಗುವುದು ಬಿಟ್ಟು ಸರಿಯಾಗಿ 10 ಸೆಂಟಿಮೀಟರ್ ಎತ್ತರ. ಕಬ್ಬಿಣ ಬೇಡ ಅಂದದ್ದು ತುಕ್ಕಿಗೆ ಹೆದರಿ. ಮೇಲಿನ ಎರಡು ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಿದೆವು. ಓಡಿ ಬಂದು ಕೈ ಊರುವ ಮಕ್ಕಳು ನಮ್ಮವರು, ನಿಮಗೆ ಗೊತ್ತಲ್ಲ.

ಕಟ್ಟೆ

ಕಟ್ಟೆ ಕಟ್ಟಿಕೊಟ್ಟದ್ದು ನಮ್ಮ ತರಗತಿಯ ಒಬ್ಬ ಹುಡುಗನ ಅಪ್ಪ. ಗಾರೆ ಕೆಲಸದಲ್ಲಿ ಪಳಗಿದ ಕೈ. ಇಟ್ಟಿಗೆ ಶೌಚಾಲಯದ ಕೆಲಸದಲ್ಲಿ ಉಳಿದದ್ದು, ಸಿಮೆಂಟು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ತಂದದ್ದು. ಎಲ್ಲ ಸರಿ, ಮೇಲಿನ ಕಲ್ಲು ವಾಲಬೇಕು ಅಂದಾಗ ಮಾತ್ರ ಅವರು ಕರಣೆ ಕೆಳಗಿಟ್ಟರು. "ಸೊಟ್ಟ ಕಟ್ಟಿದ್ರೆ ಬೈಯೋರನ್ನ ನೋಡಿದ್ದೀನಿ ಮಿಸ್, ಬೇಕಂತ್ಲೇ ಸೊಟ್ಟ ಕಟ್ಟಿ ಅನ್ನೋರು ನೀವೇ ಮೊದಲು."

ಡಿಗ್ರಿ ಅಂದರೆ ಅವರಿಗೆ ಬೇಕಾಗಿರಲಿಲ್ಲ. "ಒಂದಡಿಗೆ ಎಷ್ಟು ವಾಟ?" ಅಂತ ಕೇಳಿದರು, ಬಚ್ಚಲುಮನೆ ಇಳಿಜಾರಿನ ಲೆಕ್ಕದಲ್ಲಿ. ಒಂದಡಿ ಕಲ್ಲಿಗೆ ಎರಡೂವರೆ ಇಂಚು, ಚೂರು ಜಾಸ್ತಿ. ಸೆಂಟಿಮೀಟರಿನಲ್ಲಿ ಆರೂವರೆ. ಪೂರ್ವ-ಪಶ್ಚಿಮಕ್ಕೆ ರಸಮಟ್ಟದ ಗುಳ್ಳೆ ನಡುವೆಯೇ ನಿಲ್ಲಬೇಕು, ಉತ್ತರ-ದಕ್ಷಿಣಕ್ಕೆ ಈ ಏರು. ಮಕ್ಕಳು ಆರೂವರೆ ಸೆಂಟಿಮೀಟರಿನ ಒಂದು ಮರದ ತುಂಡನ್ನು ಅಳೆದು ಕೊಟ್ಟರು. ಅದನ್ನು ದಕ್ಷಿಣದ ಅಂಚಿನ ಮೇಲೆ ನಿಲ್ಲಿಸಿ, ಅಲ್ಲಿಂದ ಉತ್ತರದ ಅಂಚಿಗೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ಕಲ್ಲನ್ನು ತಟ್ಟಿ ತಟ್ಟಿ ಕೂರಿಸಿದರು. ಮಳೆ ನೀರು ನಿಲ್ಲದೆ ಹರಿದುಹೋಗುತ್ತದೆ ಅಂತ ಕೊನೆಗೆ ಅವರಿಗೇ ಈ ಸೊಟ್ಟ ಇಷ್ಟವಾಯಿತು.

ಕಟ್ಟೆಗೆ ನೀರುಣಿಸುವ ಕೆಲಸ ಚಿಕ್ಕವರದ್ದು. ಬೇಸಿಗೆ, ನಲ್ಲಿ ನೀರು ದಂಡ ಮಾಡೋಹಾಗಿಲ್ಲ. ಬಿಸಿಯೂಟದ ಅಕ್ಕಿ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದು ವಾರವಿಡೀ ಗೋಣಿತಾಟಿಗೆ ಸುರಿದರು.

ಎರಡು ಹೊರಸಂಚಾರ

ಸಿಮೆಂಟು ಗಟ್ಟಿಯಾಗುವಷ್ಟರಲ್ಲಿ ರಂಗನತಿಟ್ಟು ನೋಡಿಕೊಂಡು ಬಂದೆವು. ಇಷ್ಟು ಹತ್ತಿರ ಇದ್ದೂ ಅರ್ಧದಷ್ಟು ಮಕ್ಕಳು ದೋಣಿ ಹತ್ತಿರಲಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಮೈಸೂರಿನ ಮಹಾರಾಜರು ಅದನ್ನು ಪಕ್ಷಿಧಾಮ ಅಂತ ಘೋಷಿಸಿದರು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಮೊದಲನೆಯದು. ಹೆಜ್ಜಾರ್ಲೆ, ನೀರುಕಾಗೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲ ಕಂಡವು. ಮೊಸಳೆಯ ಬಗ್ಗೆ ನಿಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟು ಕೇಳಿರುತ್ತೀರಿ.

ನನಗೆ ಮುಖ್ಯ ಅನ್ನಿಸಿದ್ದು ಬಣ್ಣದ ಕೊಕ್ಕರೆ. ಗೂಡಿನಲ್ಲಿ ಬಿಳಿ ಮರಿಗಳು, ಮೇಲೆ ಸುಡುವ ಬಿಸಿಲು. ತಾಯಿಯೋ ತಂದೆಯೋ, ದೊಡ್ಡ ಹಕ್ಕಿ ಎರಡೂ ರೆಕ್ಕೆಯನ್ನು ಅರ್ಧ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದು ನಿಂತಿತ್ತು. ಕೋಲಿನ ನೆರಳು ಅಳೆದು ಅಳೆದು ಕಣ್ಣು ಪಳಗಿದ್ದ ಒಬ್ಬ ಹುಡುಗ ಪಿಸುಗುಟ್ಟಿದ: "ಮಿಸ್, ಅದು ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿದೆ. ಎಲ್ಲಾ ಗೂಡಲ್ಲೂ ಒಂದೇ ಕಡೆ ತಿರುಗಿವೆ." ನೋಡಿದರೆ ಹೌದು. ಆ ಮರದ ತುಂಬ ದಿಕ್ಕು ತೋರಿಸುವ ಹಕ್ಕಿಗಳೇ. ದೋಣಿ ನಡೆಸುವವರು ಹುಟ್ಟು ನಿಲ್ಲಿಸಿ ಇನ್ನೂ ಸ್ವಲ್ಪ ಹೊತ್ತು ನೋಡೋಕೆ ಬಿಟ್ಟರು.

ಇನ್ನೊಂದು ಸವಾರಿ ಮೈಸೂರಿಗೆ. ಮೃಗಾಲಯದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ದೊಡ್ಡ ಗಡಿಯಾರದ ಕೆಳಗೆ ನಿಂತದ್ದು ಮಾತ್ರ ಈ ಕೆಲಸಕ್ಕೆ ಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅಂತ 1927ರಲ್ಲಿ ಕಟ್ಟಿದ ಗೋಪುರ ಅದು. ಮುಖದ ಮೇಲಿನ ಅಂಕಿಗಳು ಕನ್ನಡದವು. ಕನ್ನಡ ಅಂಕಿ ಕಾರ್ಡಿನಲ್ಲಿ ಕಲಿತಿದ್ದರೂ ಗಡಿಯಾರದ ಮೇಲೆ ಯಾರೂ ನೋಡಿರಲಿಲ್ಲ. ನಮ್ಮ ಕಲ್ಲಿನ ಮೇಲೂ ೮, ೯, ೧೦ ಅಂತಲೇ ಬರೆಯಬೇಕು ಅಂತ ವಾಪಸ್ ಬರುವಾಗ ಬಸ್ಸಿನಲ್ಲೇ ಠರಾವು ಪಾಸಾಯಿತು.

ಗೆರೆಗಳು

ಅಳತೆ ಪಟ್ಟಿಯ ಮಧ್ಯದಿಂದ ಅಲ್ಲ, ಪಟ್ಟಿಯ ಆಯಾ ಪಕ್ಕದ ಮೈಯಿಂದ. ಬೆಳಗಿನ ಗೆರೆಗಳಿಗೆ ಪಶ್ಚಿಮದ ಮೈಯಿಂದ, ಮಧ್ಯಾಹ್ನದ ಮೇಲಿನವಕ್ಕೆ ಪೂರ್ವದ ಮೈಯಿಂದ. 3 ಮಿಲಿಮೀಟರ್ ತಾನೆ ಅನ್ನಿಸಬಹುದು. ಆದರೆ 12ರ ಹತ್ತಿರ ಅರ್ಧ ಗಂಟೆಗೆ ಸಿಗುವುದೇ 1.3 ಸೆಂಟಿಮೀಟರ್.

10 ಸೆಂಟಿಮೀಟರ್ ಎತ್ತರದ ಪಟ್ಟಿಗೆ ದೂರಗಳು ಹೀಗೆ: 12ರಿಂದ ಒಂದು ಗಂಟೆ ಆಚೀಚೆ, ಅಂದರೆ ೧೧ ಮತ್ತು ೧ಕ್ಕೆ 2.7 ಸೆಂಟಿಮೀಟರ್. ೧೦ ಮತ್ತು ೨ಕ್ಕೆ 5.8. ೯ ಮತ್ತು ೩ಕ್ಕೆ ಸರಿಯಾಗಿ 10. ೮ ಮತ್ತು ೪ಕ್ಕೆ 17.3. ಅರ್ಧ ಗಂಟೆಗಳು 1.3, 4.1, 7.7, 13, ಕೊನೆಯದು 24.1. ಎತ್ತರ ಬೇರೆ ಇಟ್ಟರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ. 20 ಸೆಂಟಿಮೀಟರಿನ ಪಟ್ಟಿಗೆ ಎಲ್ಲವೂ ಎರಡರಷ್ಟು.

ಮಕ್ಕಳು ಇಬ್ಬಿಬ್ಬರಾಗಿ ಬಂದು ಗೆರೆ ಹಾಕಿದರು. ಒಬ್ಬರು ಸ್ಕೇಲು ಒತ್ತಿ ಹಿಡಿಯುವುದು, ಇನ್ನೊಬ್ಬರು ಪೆನ್ಸಿಲ್. ಸ್ಕೇಲಿನ ತುದಿಯಿಂದ ಅಲ್ಲ, ಸೊನ್ನೆಯ ಗೆರೆಯಿಂದ ಅಳೆಯಬೇಕು ಅನ್ನೋದನ್ನು ಪುಸ್ತಕದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. ಇಲ್ಲಿ ಎರಡು ಗೆರೆ ಅಕ್ಕಪಕ್ಕ ಬಿದ್ದು ಜಗಳವಾದಾಗ ತಾನೇ ಹೋಯಿತು. ಆಮೇಲೆ ಎರಡೂ ಕಡೆ ಟೇಪ್ ಅಂಟಿಸಿ ಕಪ್ಪು ಎನಾಮಲ್ ಬಣ್ಣ. ಪಟ್ಟಿಯನ್ನು ಅರಾಲ್ಡೈಟ್ ಹಾಕಿ ಗಾಡಿಯಲ್ಲಿ ಕೂರಿಸಿ, ಮೂಲೆಮಟ್ಟ ಒರಗಿಸಿ ಒಂದು ರಾತ್ರಿ ಬಿಟ್ಟೆವು.

ಮಾರ್ಚ್ 20

ಹಗಲು, ರಾತ್ರಿ ಹೆಚ್ಚುಕಮ್ಮಿ ಸಮ ಇರುವ ದಿನ. ನಮಗೆ ಇದು ಪರೀಕ್ಷೆಯ ದಿನವೂ ಹೌದು. ಹಳೇ ಪೈಪನ್ನು ಮತ್ತೆ ನಿಲ್ಲಿಸಿ, ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕಿ ಇಟ್ಟೆವು. ಫೆಬ್ರವರಿಯಲ್ಲಿ ಇಟ್ಟಿದ್ದ ಚುಕ್ಕಿಗಳು ಬಿಲ್ಲಿನಂತೆ ಎರಡೂ ತುದಿಯಲ್ಲಿ ಉತ್ತರಕ್ಕೆ ಬಾಗಿದ್ದವು. ಈ ದಿನದ ಚುಕ್ಕಿಗಳ ಮೇಲೆ ದಾರ ಎಳೆದು ಹಿಡಿದರೆ ಎಲ್ಲವೂ ದಾರದ ಕೆಳಗೆ. ಆ ದಾರವೇ ನಮ್ಮ ಪೂರ್ವ-ಪಶ್ಚಿಮ ಗೆರೆಗೆ ಪಕ್ಕದಲ್ಲಿ ಸಮಾನಾಂತರ.

ಮಧ್ಯಾಹ್ನ ಒಂದು ಮೀಟರ್ ಕೋಲಿಗೆ ಬಿದ್ದ ನೆರಳು 22 ಸೆಂಟಿಮೀಟರ್. ಫೆಬ್ರವರಿಯಲ್ಲಿ ಇದೇ ಕೋಲಿಗೆ 50 ಇತ್ತು. 100ಕ್ಕೆ 22: ಇದೇ ಅನುಪಾತ ನಮ್ಮ ಕಲ್ಲಿನ ಏರಿಗೂ ಇದೆ. ನಕ್ಷೆಯಲ್ಲಿ ಅಕ್ಷಾಂಶ ನೋಡದೇ ಇದ್ದರೂ ಈ ಒಂದು ದಿನದ ನೆರಳಿನಿಂದಲೇ ಕಲ್ಲು ಎಷ್ಟು ವಾಲಬೇಕು ಅಂತ ಸಿಗುತ್ತಿತ್ತು. ಗಾರೆ ಕೆಲಸದ ಆ ತಂದೆಗೆ ಇದನ್ನು ತೋರಿಸಿದಾಗ ಅವರು ಕೋಲನ್ನೂ ನೆರಳನ್ನೂ ತಮ್ಮ ಟೇಪಿನಲ್ಲಿ ಇನ್ನೊಮ್ಮೆ ಅಳೆದು, ಸುಮ್ಮನೆ ತಲೆಯಾಡಿಸಿದರು.

ಕಟ್ಟೆಯ ಮೇಲೆ 12 ಆಗುವುದು ನೋಡೋಕೆ ಚೆನ್ನಾಗಿರುತ್ತದೆ. ಪಶ್ಚಿಮದ ನೆರಳು ತೆಳ್ಳಗಾಗುತ್ತಾ ಪಟ್ಟಿಯೊಳಗೆ ಸೇರಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಯಾವ ಪಕ್ಕಕ್ಕೂ ನೆರಳಿಲ್ಲ. ಆಮೇಲೆ ಪೂರ್ವದ ಕಡೆ ದಾರದೆಳೆಯಷ್ಟು ಕಪ್ಪು ಇಣುಕುತ್ತದೆ. ಆ ದಿನ ಫೋನಿನಲ್ಲಿ ಆಗ 12:31.

ಗೋಡೆ ಗಡಿಯಾರದ ಮೇಲಿನ ಅನುಮಾನ

ಭಾರತದ ಎಲ್ಲ ಗಡಿಯಾರಗಳೂ 82.5 ಡಿಗ್ರಿ ರೇಖಾಂಶದ ಹೊತ್ತು ಹೇಳುತ್ತವೆ. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವಿರುವುದು 76.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಮಿರ್ಜಾಪುರದ ಗೆರೆ ದಾಟಿದ ಸೂರ್ಯ ನಮ್ಮ ಗೆರೆಗೆ ಬರೋಕೆ ಇನ್ನೂ 23 ನಿಮಿಷ ಬೇಕು. ಇದು ವರ್ಷವಿಡೀ ಬದಲಾಗಲ್ಲ.

ಬದಲಾಗುವುದು ಇನ್ನೊಂದು. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಹಿಂದೆ, ಕೆಲವು ತಿಂಗಳು ಮುಂದೆ. ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದೆ ಇರುತ್ತಾನೆ, ಏಪ್ರಿಲ್ ಮಧ್ಯಕ್ಕೆ ಸರಿಹೋಗುತ್ತಾನೆ. 23ಕ್ಕೆ 14 ಸೇರಿಸಿದರೆ 37, ಅದೇ ಆ ಹುಡುಗಿ ಬೆರಳು ಮಡಚಿ ಕಂಡುಕೊಂಡ 12:37.

ಗೆರೆಗಳನ್ನೇ ಸರಿಸಿ ಫೋನಿನ ಹೊತ್ತು ಬರುವಂತೆ ಮಾಡಬಹುದಿತ್ತು. ನಾನು ಬೇಡ ಅಂದೆ. ಕಲ್ಲು ನಮ್ಮೂರ ಹೊತ್ತು ಹೇಳಲಿ, ಕೂಡುವ ಲೆಕ್ಕವನ್ನು ಮಕ್ಕಳು ಮಾಡಲಿ. ಕಟ್ಟೆಯ ಪಕ್ಕದ ಗೋಡೆಗೆ ಒಂದು ಫಲಕ ಹಾಕಿದ್ದೇವೆ: ಮಾರ್ಚ್ 1ಕ್ಕೆ 36 ನಿಮಿಷ ಸೇರಿಸಿ, ಮಾರ್ಚ್ 20ಕ್ಕೆ 31, ಏಪ್ರಿಲ್ 1ಕ್ಕೆ 27, ಏಪ್ರಿಲ್ 10ಕ್ಕೆ 24. ಈಗ ಊಟದ ಬೆಲ್ ಹೊಡೆಯುವ ಮೊದಲು ಯಾರಾದರೊಬ್ಬರು ಓಡಿಹೋಗಿ ನೋಡಿ ಬರುತ್ತಾರೆ. ಬೆಲ್ ಎರಡು ನಿಮಿಷ ತಡವಾದರೆ ದೂರು ನನಗೆ ಬರುತ್ತದೆ.

ರಜೆಯಲ್ಲಿ ನೀವು ಮಾಡಬೇಕಾದದ್ದು

ಇದರ ಅತಿ ಚಂದದ ದಿನ ಶಾಲೆ ಮುಚ್ಚಿದ ಮೇಲೆ ಬರುತ್ತದೆ. ಏಪ್ರಿಲ್ 22-23ರ ಆಸುಪಾಸು ಸೂರ್ಯ ನಮ್ಮ ಸರಿಯಾದ ನೆತ್ತಿಗೆ ಬರುತ್ತಾನೆ. ಮಧ್ಯಾಹ್ನ 12:22ರ ಹೊತ್ತಿಗೆ ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ತಾರಸಿ ಮೇಲೆ ಪಿವಿಸಿ ಪೈಪಿನ ತುಂಡೊಂದನ್ನು ನಿಲ್ಲಿಸಿ, 12:10ರಿಂದ ನೋಡುತ್ತಾ ಇರಿ. ಬಾಯಿ ಅಗಲ ಇರುವ ಲೋಟ ಬೇಡ, ಅದರ ಅಂಚಿನ ನೆರಳು ಸುತ್ತ ಬಿದ್ದು ಗೊಂದಲ ಮಾಡುತ್ತದೆ. ಮಗುವಿಗೆ ಟೋಪಿ ಹಾಕಿ, ಸೂರ್ಯನನ್ನು ನೋಡೋಕೆ ಬಿಡಬೇಡಿ, ನೆಲ ನೋಡಿದರೆ ಸಾಕು.

ರಜೆಗೆ ಬೆಂಗಳೂರಿಗೆ ಹೋಗುವವರಿಗೆ ಇದು ಏಪ್ರಿಲ್ 24ರ ಸುಮಾರಿಗೆ, ಹುಬ್ಬಳ್ಳಿ ಕಡೆ ಮೇ ಮೊದಲ ವಾರ, ಕಲಬುರಗಿಯಲ್ಲಿ ಮೇ 9-10ರ ಹೊತ್ತಿಗೆ. ಹೋದ ಊರು, ದಿನ, ಗಂಟೆ ಬರೆದಿಟ್ಟುಕೊಳ್ಳಿ. ಮಕ್ಕಳು ನಾಲ್ಕನೇ ತರಗತಿಗೆ ಬಂದ ಮೇಲೆ ಎಲ್ಲರ ಚೀಟಿಗಳನ್ನೂ ನಕ್ಷೆಯ ಮೇಲೆ ಅಂಟಿಸೋಣ. ತಪ್ಪಿಹೋದರೆ ಆಗಸ್ಟ್ 20ರ ಸುಮಾರಿಗೆ ಇನ್ನೊಂದು ಅವಕಾಶ ಇದೆ, ಮೋಡ ಬಿಟ್ಟುಕೊಟ್ಟರೆ.

ಇನ್ನೊಂದು ವಿಷಯ. ರಜೆಯಲ್ಲಿ ದೊಡ್ಡ ಹುಡುಗರು ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ. ಆಡಲಿ, ಬೇಡ ಅನ್ನಲ್ಲ. ಆದರೆ ಕಟ್ಟೆಯನ್ನು ವಿಕೆಟ್ ಮಾಡಿಕೊಳ್ಳಬೇಡಿ ಅಂತ ನಿಮ್ಮ ಮನೆಯ ದೊಡ್ಡವರಿಗೆ ದಯವಿಟ್ಟು ಹೇಳಿ. ಅರಾಲ್ಡೈಟ್ ಗಟ್ಟಿ, ಆದರೆ ಲೆದರ್ ಬಾಲ್ ಅದಕ್ಕಿಂತ ಗಟ್ಟಿ.